ಪಾಯ್ಸನ್ ಖಾಲಿಯಾಯ್ತು, ಏಂಜಲ್ ಹಾಗೇ ಇದೆ: ಎರಡು ವರ್ಷ ಬಳಸಿದ ಮೇಲೆ

ಜೋರಾದ ಪರ್ಫ್ಯೂಮೇ ಬೇಕು ಅಂತ ಹಟ ಹಿಡಿದು ಎರಡನ್ನೂ ತಗೊಂಡವಳು ನಾನು. ಡಿಯೋರ್‌ನ ಪಾಯ್ಸನ್ 1985ರದ್ದು, ಮುಗ್ಲರ್‌ನ ಏಂಜಲ್ 1992ರದ್ದು. ಹೆಸರು ನೋಡಿದರೆ ಪಾಯ್ಸನ್ ಕಂಡೇ ಹೆದರಬೇಕು, ಅಲ್ವಾ? ನನಗೆ ಉಲ್ಟಾ ಆಯಿತು.

ಪಾಯ್ಸನ್ ಹೊಡೆದ ತಕ್ಷಣ ಸುಗಂಧರಾಜ, ಮಾಗಿದ ಪ್ಲಮ್ ಹಣ್ಣು, ಒಂದಿಷ್ಟು ಮಸಾಲೆ ಎಲ್ಲ ಒಟ್ಟಿಗೆ ಮುಗಿಬೀಳುತ್ತವೆ. ಮೊದಲ ಅರ್ಧ ಗಂಟೆ ಯಾರ ಹತ್ತಿರವೂ ಸುಳಿಯದಿರುವುದೇ ವಾಸಿ. ಆಮೇಲೆ ಜೇನಿನಂಥ ಸಿಹಿಯಾಗಿ ಮೈಗೆ ಒಗ್ಗಿಕೊಳ್ಳುತ್ತದೆ. ಗದ್ದಲ ಇದೆ, ಆದರೆ ಹೂವಿನ ಗದ್ದಲ.

ಏಂಜಲ್‌ನಲ್ಲಿ ಹೂವು ಹುಡುಕಬೇಡಿ. ಬೊಂಬಾಯಿ ಮಿಠಾಯಿಯ ವಾಸನೆ ಕೊಡುವ ಈಥೈಲ್ ಮಾಲ್ಟಾಲ್ ಅನ್ನೋ ರಾಸಾಯನಿಕ ಮೇಲೆ, ಅದರ ಕೆಳಗೆ ಧಾರಾಳವಾಗಿ ಪಚೋಲಿ, ಅಂದ್ರೆ ಪಚ್ಚೆತೆನೆ ಎಣ್ಣೆ. ಸಕ್ಕರೆ ಪಾಕಕ್ಕೆ ಒದ್ದೆ ಮಣ್ಣು ಕಲಸಿದ ಹಾಗೆ. ಕೇಳಲು ವಿಚಿತ್ರ, ಮೂಸಿದರೆ ಮತ್ತೆ ಮೂಸಬೇಕು ಅನಿಸುತ್ತದೆ. ಈಗ ಬರುವ ಸಿಹಿತಿಂಡಿಯಂಥ ಪರ್ಫ್ಯೂಮ್‌ಗಳಿಗೆಲ್ಲ ಇದೇ ಅಜ್ಜಿ. ತೊಂದರೆ ಅಂದ್ರೆ, ಪಚೋಲಿ ಬಲು ನಿಧಾನಕ್ಕೆ ಆವಿಯಾಗುವ ಎಣ್ಣೆ. ಬೆಳಗ್ಗೆ ಹಾಕಿದ್ದು ರಾತ್ರಿಗೂ ಇರುತ್ತೆ. ನನ್ನ ಸ್ಕಾರ್ಫಿನಲ್ಲಂತೂ ಒಗೆದ ಮೇಲೂ ಇತ್ತು. ಮಧ್ಯಾಹ್ನ ಬೇಜಾರಾದರೆ ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ.

ಇನ್ನೊಂದು ಪಾಠ ಲಿಫ್ಟಿನಲ್ಲಿ ಆಯಿತು. ದಿನಾ ಹಾಕಿ ಹಾಕಿ ನನ್ನ ಮೂಗಿಗೆ ಏಂಜಲ್ ಅಭ್ಯಾಸವಾಗಿಬಿಟ್ಟಿತ್ತು. ವಾಸನೆ ಕಡಿಮೆಯಾಗಿದೆ ಅಂದುಕೊಂಡು ಎರಡು ಪಂಪಿನಿಂದ ಐದಕ್ಕೆ ಹೋದೆ. ಪಕ್ಕದಲ್ಲಿದ್ದವರು ಕರ್ಚೀಫು ತೆಗೆದು ಮೂಗಿಗೆ ಹಿಡಿದರು. ತಪ್ಪು ನನ್ನದೇ. ಅವತ್ತಿಂದ ಎರಡರಲ್ಲಿ ಯಾವುದಾದರೂ ಸರಿ, ಒಂದೇ ಪಂಪ್, ಅದೂ ಬಟ್ಟೆಯ ಒಳಗೆ. ಸೆಖೆಗೆ ವಾಸನೆ ಬೇಗ ಏಳುತ್ತದೆ, ಹಾಗಾಗಿ ಬೇಸಿಗೆಯಲ್ಲಿ ಎರಡೂ ಕಪಾಟಿನಲ್ಲೇ.

ಬಾಟಲಿ ವಿಷಯದಲ್ಲಿ ನಕ್ಷತ್ರದಾಕಾರದ ಏಂಜಲೇ ಚೆಂದ. ರೀಫಿಲ್ ಕೂಡ ಮಾಡಿಸಬಹುದು. ನನ್ನದಕ್ಕೆ ಆ ಯೋಗ ಇನ್ನೂ ಬಂದಿಲ್ಲ, ಮುಕ್ಕಾಲು ಪಾಲು ಉಳಿದಿದೆ.

ಒಂದನ್ನೇ ಕೊಳ್ಳುವುದಾದರೆ ಪಾಯ್ಸನ್ ತಗೊಳ್ಳಿ. ಏಂಜಲ್ ಮೇಲೆ ಆಸೆ ಇದ್ದರೆ ಮೊದಲು ಸಣ್ಣ ಸ್ಯಾಂಪಲ್ ತಂದು, ರಜೆಯ ದಿನ ಕೈಗೆ ಹಾಕಿ ಇಡೀ ದಿನ ಇರಿ. ಅಂಗಡಿಯಲ್ಲಿ ಕಾಗದದ ಪಟ್ಟಿಗೆ ಹೊಡೆದದ್ದನ್ನಷ್ಟೇ ಮೂಸಿ ದುಡ್ಡು ಕೊಟ್ಟವಳು ಹೇಳ್ತಿದ್ದೇನೆ.