ಓಸಿಐ ಅರ್ಜಿ ಸೇವೆ: ನಮೂನೆ ಸುಲಭ, ಹೆಸರು ಕಷ್ಟ

ಅಮೆರಿಕದ ಪೌರತ್ವ ಪಡೆದ ನಂತರ ನಾನೂ ನನ್ನ ಮನೆಯವರೂ ಸಾಗರೋತ್ತರ ಭಾರತೀಯ ಪೌರತ್ವದ ನೋಂದಣಿಗೆ, ಅಂದರೆ ಎಲ್ಲರೂ ಓಸಿಐ ಎಂದು ಕರೆಯುವ ಕಾರ್ಡಿಗೆ ಅರ್ಜಿ ಸಲ್ಲಿಸಿ ಅದನ್ನು ಪಡೆದೆವು. ಕೈಗೆ ಬರುವ ಕಾರ್ಡು ಕೊಟ್ಟ ಹಣಕ್ಕೂ ಪಟ್ಟ ಶ್ರಮಕ್ಕೂ ತಕ್ಕದ್ದಾಗಿದೆ, ಅಂತರ್ಜಾಲದ ನಮೂನೆಯೂ ಜನ ಹೆದರಿಸುವಷ್ಟು ಕಠಿಣವಾಗಿಲ್ಲ. ಆದರೆ ಅರ್ಜಿಯ ಹೆಚ್ಚಿನ ಕೆಲಸ ಆ ನಮೂನೆಯನ್ನು ತೆರೆಯುವ ಮೊದಲೇ ಮುಗಿದಿರಬೇಕು. ಆ ಭಾಗದಲ್ಲಿ, ಅದರಲ್ಲೂ ಹೆಸರಿನ ಮುಂದೆ ಇನಿಷಿಯಲ್ ಇಟ್ಟುಕೊಂಡು ಬೆಳೆದ ನಮ್ಮಂಥ ಕನ್ನಡಿಗರಿಗೆ, ಈ ವ್ಯವಸ್ಥೆ ನೀಡುವ ನೆರವು ಬಹಳ ಕಡಿಮೆ.

ಮೊದಲು ಕಾರ್ಡಿನ ಬೆಲೆಯನ್ನು ಸರಿಯಾಗಿ ತೂಗಬೇಕು. 1955ರ ಪೌರತ್ವ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿಯಿಂದ ಬಂದ ಈ ಯೋಜನೆ ಇಬ್ಬಗೆಯ ಪೌರತ್ವವಲ್ಲ. ಅದಕ್ಕೆ ನಮ್ಮ ಸಂವಿಧಾನದಲ್ಲಿ ಅವಕಾಶವೇ ಇಲ್ಲ. ಕಾರ್ಡುದಾರರಿಗೆ ಮತದಾನದ ಹಕ್ಕಿಲ್ಲ, ಅವರು ಚುನಾವಣೆಗೆ ನಿಲ್ಲುವಂತಿಲ್ಲ, ಕೃಷಿ ಭೂಮಿಯನ್ನಾಗಲಿ ತೋಟವನ್ನಾಗಲಿ ಕೊಳ್ಳುವಂತಿಲ್ಲ. ಊರಿನಲ್ಲಿ ತೆಂಗಿನ ತೋಟ ಮಾಡುವ ಕನಸಿಟ್ಟುಕೊಂಡು ಅರ್ಜಿ ಹಾಕುವವರು ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಪಿತ್ರಾರ್ಜಿತವಾಗಿ ಬಂದ ಜಮೀನಿನ ಮಾತು ಬೇರೆ. ಸಂಶೋಧನೆ, ಪತ್ರಿಕಾವೃತ್ತಿ, ಧರ್ಮಪ್ರಚಾರ, ಪರ್ವತಾರೋಹಣ ಮುಂತಾದವುಗಳಿಗೆ 2021ರ ಮಾರ್ಚ್ ತಿಂಗಳ ಅಧಿಸೂಚನೆಯ ಪ್ರಕಾರ ವಿಶೇಷ ಅನುಮತಿ ಬೇಕು. ಇಷ್ಟನ್ನು ಬಿಟ್ಟರೆ, ಜೀವನಪರ್ಯಂತ ಎಷ್ಟು ಸಲ ಬೇಕಾದರೂ ಬಂದುಹೋಗುವ ವೀಸಾ, ಎಷ್ಟು ಕಾಲ ನಿಂತರೂ ವಿದೇಶೀಯರ ನೋಂದಣಿ ಕಚೇರಿಗೆ ಹೋಗಬೇಕಿಲ್ಲದ ವಿನಾಯಿತಿ, ಮನೆ ಅಥವಾ ನಿವೇಶನ ಕೊಳ್ಳುವ ಅವಕಾಶ ಇವೆಲ್ಲವೂ ಒಂದೇ ನೋಂದಣಿಯಲ್ಲಿ ಸಿಗುತ್ತವೆ. ವಯಸ್ಸಾದ ತಂದೆತಾಯಿಯರು ಊರಿನಲ್ಲಿರುವಾಗ, ರಾತ್ರಿ ಬಂದ ಒಂದು ದೂರವಾಣಿ ಕರೆಗೆ ಮರುದಿನವೇ ವಿಮಾನ ಹತ್ತಲು ಸಾಧ್ಯವಾಗುವುದು ಎಂಥ ದೊಡ್ಡ ನೆಮ್ಮದಿ ಎಂಬುದು ಹೊರದೇಶದಲ್ಲಿರುವವರಿಗೆ ಚೆನ್ನಾಗಿ ಗೊತ್ತು.

ಭಾರತದ ಪಾಸ್‌ಪೋರ್ಟ್ ಹೊಂದಿದ್ದವರು ಮೊದಲು ಅದನ್ನು ಒಪ್ಪಿಸಿ ಸರೆಂಡರ್ ಸರ್ಟಿಫಿಕೇಟ್ ಪಡೆಯಬೇಕು. ಬೇರೆ ದೇಶದ ಪೌರತ್ವವನ್ನು ಸ್ವಇಚ್ಛೆಯಿಂದ ಪಡೆದ ಕ್ಷಣದಲ್ಲೇ ಭಾರತದ ಪೌರತ್ವ ಕೊನೆಗೊಳ್ಳುವುದರಿಂದ, ಆಮೇಲೆ ಹಳೆಯ ಪಾಸ್‌ಪೋರ್ಟಿನಲ್ಲಿ ಪ್ರಯಾಣ ಮಾಡುವುದು ಅಪರಾಧ. ಈ ಹಂತದಲ್ಲಿ ಹೆಚ್ಚು ಹೇಳುವುದೇನೂ ಇಲ್ಲ. ರದ್ದಾದ ಪಾಸ್‌ಪೋರ್ಟ್ ಮರಳಿ ಬಂದಾಗ ಅದನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು, ಏಕೆಂದರೆ ನಮ್ಮ ಭಾರತೀಯ ಮೂಲವನ್ನು ತೋರಿಸಲು ಮಾತ್ರವಲ್ಲ, ಮುಂದೆ ಮಕ್ಕಳ ಅರ್ಜಿಗೂ ಅದೇ ಮುಖ್ಯ ಆಧಾರವಾಗುತ್ತದೆ.

ಇನ್ನು ಹೆಸರಿನ ವಿಷಯ. ಎಚ್. ಎಸ್. ರಮೇಶ ಎಂಬ ಒಬ್ಬರನ್ನು ಊಹಿಸಿಕೊಳ್ಳಿ. ಮೊದಲ ಅಕ್ಷರ ಹೊಳೆನರಸೀಪುರ, ಎರಡನೆಯದು ತಂದೆ ಶ್ರೀನಿವಾಸಯ್ಯ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್‌ಗಳು ಹೆಸರಿನ ಹಿಂದೆ ಸರಿದಿರುತ್ತವೆ. ಪಾಸ್‌ಪೋರ್ಟ್ ಮಾಡಿಸುವಾಗ ಅವುಗಳನ್ನು ಬಿಡಿಸಿ ಬರೆಯಬೇಕಾಗಿ ಬಂದು, ಊರಿನ ಹೆಸರು ಮನೆತನದ ಹೆಸರಿನ ಜಾಗದಲ್ಲಿ ಕುಳಿತಿರುತ್ತದೆ. ಇಲ್ಲವೇ ಮನೆತನದ ಹೆಸರಿನ ಜಾಗವನ್ನು ಖಾಲಿ ಬಿಟ್ಟಿರುತ್ತಾರೆ. ಆಗ ಅಮೆರಿಕದ ವೀಸಾದಲ್ಲಿ ಇದ್ದ ಹೆಸರೆಲ್ಲವೂ ಮನೆತನದ ಹೆಸರಾಗಿ, ಸ್ವಂತ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು (ಫಸ್ಟ್ ನೇಮ್ ಅನ್‌ನೋನ್, ಅಂದರೆ ಮೊದಲ ಹೆಸರು ಗೊತ್ತಿಲ್ಲ) ಎಂಬ ಮೂರು ಅಕ್ಷರಗಳು ಬರುತ್ತವೆ. ಅಲ್ಲಿನ ಪೌರತ್ವ ಸ್ವೀಕರಿಸುವಾಗ ಹೆಸರು ಬದಲಿಸಿಕೊಳ್ಳಲು ಅವಕಾಶವಿರುವುದರಿಂದ, ಬಹಳ ಮಂದಿ ಈ ಗೊಂದಲವನ್ನು ಆಗ ಸರಿಪಡಿಸಿಕೊಳ್ಳುತ್ತಾರೆ. ಅದು ಸಹಜವೇ. ಆದರೆ ಅದರ ಫಲವಾಗಿ ಹಳೆಯ ಪಾಸ್‌ಪೋರ್ಟ್, ಅಂಕಪಟ್ಟಿ, ಮದುವೆಯ ಪ್ರಮಾಣಪತ್ರ ಮತ್ತು ಹೊಸ ಪಾಸ್‌ಪೋರ್ಟ್ ನಾಲ್ಕರಲ್ಲೂ ಒಬ್ಬನೇ ಮನುಷ್ಯ ನಾಲ್ಕು ಹೆಸರಿನಿಂದ ಕಾಣಿಸಿಕೊಳ್ಳುತ್ತಾನೆ. ಮದುವೆಯ ನಂತರ ಗಂಡನ ಹೆಸರು ಸೇರಿಸಿಕೊಂಡ ಹೆಣ್ಣುಮಕ್ಕಳ ಕಾಗದಪತ್ರಗಳಲ್ಲಿ ಈ ವ್ಯತ್ಯಾಸ ಇನ್ನೂ ಹೆಚ್ಚು.

ಅರ್ಜಿಯನ್ನು ಪರಿಶೀಲಿಸುವವರು ಕೇಳುವುದು ನ್ಯಾಯವಾದ ಪ್ರಶ್ನೆಯೇ: ಇವರೆಲ್ಲರೂ ಒಬ್ಬರೇ ಎಂಬುದಕ್ಕೆ ಪುರಾವೆ ಏನು? ನನ್ನ ಆಕ್ಷೇಪ ಆ ಪ್ರಶ್ನೆಗಲ್ಲ. ಯಾವ ಬಗೆಯ ವ್ಯತ್ಯಾಸಕ್ಕೆ ಯಾವ ಪುರಾವೆ ಸಾಕು ಎಂಬುದನ್ನು ಎಲ್ಲಿಯೂ ಒಂದೇ ಕಡೆ ಸ್ಪಷ್ಟವಾಗಿ ಬರೆದಿಲ್ಲ ಎಂಬುದಷ್ಟೇ ನನ್ನ ದೂರು. ಇನಿಷಿಯಲ್ ಬಿಡಿಸಿದ್ದಕ್ಕೆ ನೋಟರಿ ಮಾಡಿಸಿದ ಅಫಿಡವಿಟ್ ಸಾಕೇ, ನ್ಯಾಯಾಲಯದ ಆದೇಶವೇ ಬೇಕೇ ಎಂದು ಕೇಳಿದರೆ ಒಬ್ಬೊಬ್ಬರಿಂದ ಒಂದೊಂದು ಉತ್ತರ ಬರುತ್ತದೆ. ದಕ್ಷಿಣ ಭಾರತದ ಲಕ್ಷಾಂತರ ಜನರ ಹೆಸರಿಡುವ ಪದ್ಧತಿ ಇದಾಗಿರುವಾಗ, ಅದಕ್ಕೆ ಒಂದು ಪುಟದ ಮಾರ್ಗಸೂಚಿ ಇರಬೇಕಾದದ್ದು ಅತ್ಯಗತ್ಯ. ಅದು ಬರುವವರೆಗೆ ನಾವೇ ಎಚ್ಚರ ವಹಿಸಬೇಕು. ಎಲ್ಲ ದಾಖಲೆಗಳನ್ನು ಮೇಜಿನ ಮೇಲೆ ಹರಡಿ, ಪ್ರತಿಯೊಂದರಲ್ಲಿರುವ ಹೆಸರು, ತಂದೆಯ ಹೆಸರು, ಹುಟ್ಟಿದ ದಿನಾಂಕ ಮತ್ತು ಹುಟ್ಟಿದ ಊರನ್ನು ಅಕ್ಷರಶಃ ಬರೆದುಕೊಂಡು ಹೋಲಿಸಿ, ವ್ಯತ್ಯಾಸವಿರುವ ಪ್ರತಿ ಕಡೆಗೂ ಒಂದು ಕಾಗದವನ್ನು ಸಿದ್ಧಮಾಡಿಕೊಂಡ ಮೇಲೆಯೇ ಪೋರ್ಟಲ್ ತೆರೆಯುವುದು ಉತ್ತಮ ಎಂಬುದು ನನ್ನ ಖಚಿತ ಅಭಿಪ್ರಾಯ. ಅಜ್ಜ ಅಥವಾ ಮುತ್ತಜ್ಜನ ಮೂಲವನ್ನು ಆಧರಿಸಿ ಅರ್ಜಿ ಹಾಕುವವರಿಗೆ ಈ ಕೆಲಸ ಇನ್ನೂ ದೀರ್ಘವಾದದ್ದು, ಏಕೆಂದರೆ ಕನ್ನಡದಲ್ಲಿರುವ ಹಳೆಯ ದಾಖಲೆಗಳ ಇಂಗ್ಲಿಷ್ ಅನುವಾದವನ್ನೂ ಜೊತೆಗಿಡಬೇಕಾಗುತ್ತದೆ.

ಪೋರ್ಟಲ್ ವಿಷಯದಲ್ಲಿ ಮಾತ್ರ ಪ್ರಾಮಾಣಿಕವಾಗಿ ಮೆಚ್ಚುಗೆ ಸೂಚಿಸಬೇಕು. ನಮ್ಮ ಅರ್ಜಿಗಳನ್ನು ತುಂಬಿದ್ದು ಹಳೆಯ ಪೋರ್ಟಲ್‌ನಲ್ಲಿ. ಅಲ್ಲಿ ಚೌಕಾಕಾರದ ಭಾವಚಿತ್ರವನ್ನೂ ಎತ್ತರಕ್ಕಿಂತ ಮೂರು ಪಟ್ಟು ಅಗಲವಿರುವ ಸಹಿಯ ಚಿತ್ರವನ್ನೂ ಬೇರೆ ಕಡೆ ಕತ್ತರಿಸಿ ತರುವುದೇ ಒಂದು ಪರಿಶ್ರಮವಾಗಿತ್ತು. 2025ರ ಮೇ 19ರಂದು ಗೃಹ ಸಚಿವ ಅಮಿತ್ ಶಾ ಅವರು ಉದ್ಘಾಟಿಸಿದ ಹೊಸ ಪೋರ್ಟಲ್‌ನಲ್ಲಿ ಚಿತ್ರವನ್ನು ಅಲ್ಲಿಯೇ ಕತ್ತರಿಸುವ ಸೌಲಭ್ಯವಿದೆ, ಖಾತೆ ತೆರೆದರೆ ಅರ್ಧಕ್ಕೆ ಬಿಟ್ಟ ಮತ್ತು ಪೂರ್ಣಗೊಂಡ ಅರ್ಜಿಗಳೆರಡೂ ಒಂದೇ ಕಡೆ ಕಾಣುತ್ತವೆ, ಅರ್ಜಿಯ ವರ್ಗಕ್ಕೆ ತಕ್ಕಂತೆ ದಾಖಲೆಗಳನ್ನು ವಿಂಗಡಿಸಿ ಕೇಳಲಾಗುತ್ತದೆ, ಸಲ್ಲಿಸುವ ಮೊದಲು ಯಾವ ಹಂತದಲ್ಲಾದರೂ ತಿದ್ದಬಹುದು. ಸಂಬಂಧಿಕರೊಬ್ಬರ ಅರ್ಜಿಗೆ ನೆರವಾಗುವಾಗ ಈ ವ್ಯತ್ಯಾಸ ನನ್ನ ಅನುಭವಕ್ಕೆ ಬಂತು; ಕೆಲಸ ನಿಜವಾಗಿ ಹಗುರವಾಗಿದೆ. ಆದರೂ ಕೊನೆಯ ಗುಂಡಿ ಒತ್ತುವ ಮುನ್ನ ಪಾಸ್‌ಪೋರ್ಟನ್ನು ಪಕ್ಕದಲ್ಲಿಟ್ಟುಕೊಂಡು ಮತ್ತೊಮ್ಮೆ ಓದಬೇಕು, ಏಕೆಂದರೆ ಸಲ್ಲಿಸಿದ ಮೇಲೆ ತಿದ್ದುವಂತಿಲ್ಲ.

ಮುದ್ರಿಸಿ ಸಹಿ ಮಾಡಿದ ಅರ್ಜಿ ಅಮೆರಿಕದಲ್ಲಿ ನೇರವಾಗಿ ಕಾನ್ಸುಲೇಟಿಗೆ ಹೋಗುವುದಿಲ್ಲ. ನಡುವೆ ಒಂದು ಹೊರಗುತ್ತಿಗೆಯ ಸೇವಾಕೇಂದ್ರವಿದೆ. ಈ ಸರಣಿಯಲ್ಲಿ ನನಗೆ ಅತ್ಯಂತ ಅತೃಪ್ತಿ ತಂದ ಕೊಂಡಿ ಇದೇ. ಪೋರ್ಟಲ್ ಕೇಳುವ ದಾಖಲೆಗಳ ಪಟ್ಟಿ ಒಂದು, ಸೇವಾಕೇಂದ್ರದ ಪಟ್ಟಿ ಮತ್ತೊಂದು. ನಮ್ಮ ಕಡತವನ್ನು ವಿಳಾಸದ ಪುರಾವೆಯ ಕಾರಣಕ್ಕೆ ತಡೆಹಿಡಿದಾಗ, ಯಾವ ಬಗೆಯ ಪುರಾವೆ ಕೊಟ್ಟರೆ ಒಪ್ಪುತ್ತಾರೆ ಎಂಬ ಸರಳ ಪ್ರಶ್ನೆಗೆ ದೂರವಾಣಿಯಲ್ಲಿ ಉತ್ತರ ಪಡೆಯುವುದೇ ಕಷ್ಟವಾಯಿತು. ಎರಡೂ ಪಟ್ಟಿಗಳನ್ನು ಮುಂದಿಟ್ಟುಕೊಂಡು, ಯಾವುದು ಹೆಚ್ಚು ಕೇಳುತ್ತದೆಯೋ ಅದರಂತೆ ಕಡತ ಕಟ್ಟುವುದೇ ಸುರಕ್ಷಿತ. ಮಕ್ಕಳ ಅರ್ಜಿಗೆ ತಂದೆತಾಯಿ ಇಬ್ಬರ ಒಪ್ಪಿಗೆಯೂ ಬೇಕು. ಸಹಿ ಮಾಡಲು ಬಾರದ ಕೂಸಿನ ಹೆಬ್ಬೆಟ್ಟಿನ ಗುರುತು, ಗಂಡುಮಗುವಾದರೆ ಎಡಗೈಯದು, ಹೆಣ್ಣುಮಗುವಾದರೆ ಬಲಗೈಯದು. ವಿದೇಶಿ ಮೂಲದ ಪತಿ ಅಥವಾ ಪತ್ನಿ ಅರ್ಜಿ ಹಾಕುವುದಾದರೆ ಮದುವೆ ನೋಂದಣಿಯಾಗಿ ಕನಿಷ್ಠ ಎರಡು ವರ್ಷ ಸತತವಾಗಿ ಮುಂದುವರಿದಿರಬೇಕು.

ಹೊರದೇಶದಿಂದ ಸಲ್ಲಿಸುವ ಹೊಸ ಅರ್ಜಿಗೆ ಸರ್ಕಾರದ ಶುಲ್ಕ 275 ಡಾಲರ್, ಭಾರತದಲ್ಲಿ ಸಲ್ಲಿಸಿದರೆ 15,000 ರೂಪಾಯಿ. ಸೇವಾಕೇಂದ್ರದ ಶುಲ್ಕ, ನೋಟರಿ, ಕೊರಿಯರ್ ಇವೆಲ್ಲ ಪ್ರತ್ಯೇಕ. ನಾಲ್ಕು ಜನರ ಕುಟುಂಬಕ್ಕೆ ಇದು ಸಣ್ಣ ಮೊತ್ತವಲ್ಲ, ಆದರೆ ಪ್ರತಿ ಕೆಲವು ವರ್ಷಗಳಿಗೊಮ್ಮೆ ವೀಸಾಕ್ಕೆ ಅಲೆಯುವುದನ್ನು ಲೆಕ್ಕ ಹಾಕಿದರೆ ಒಪ್ಪತಕ್ಕದ್ದೇ. ಹಣ ಪಡೆದು ನಮೂನೆ ತುಂಬಿಕೊಡುವ ಖಾಸಗಿ ಏಜೆಂಟರ ಅಗತ್ಯ ನನಗೆ ಕಾಣಲಿಲ್ಲ. ಹೆಸರಿನ ಪುರಾವೆಗಳನ್ನು ಜೋಡಿಸುವ ಕಷ್ಟದ ಕೆಲಸವನ್ನು ಅವರೂ ನಮ್ಮಿಂದಲೇ ಮಾಡಿಸುತ್ತಾರೆ. ಅರ್ಜಿ ಯಾವ ಹಂತದಲ್ಲಿದೆ ಎಂಬುದನ್ನು ಪೋರ್ಟಲ್‌ನಲ್ಲಿ ನೋಡಬಹುದು. ಪರಿಚಯದವರಲ್ಲಿ ಕೆಲವರಿಗೆ ಕೆಲವೇ ವಾರಗಳಲ್ಲಿ ಕಾರ್ಡು ಬಂದಿದೆ, ಕೆಲವರಿಗೆ ತಿಂಗಳುಗಳೇ ಹಿಡಿದಿವೆ. ಆದ್ದರಿಂದ ಮದುವೆಗೋ ಗೃಹಪ್ರವೇಶಕ್ಕೋ ದಿನ ಗೊತ್ತಾದ ಮೇಲೆ ಅರ್ಜಿ ಹಾಕಿ ಇದನ್ನೇ ನೆಚ್ಚಿಕೊಂಡು ಟಿಕೆಟ್ ಕೊಳ್ಳುವುದು ತರವಲ್ಲ.

ಕಾರ್ಡು ಕೈಗೆ ಬಂದ ಮೇಲಿನ ನಿಯಮಗಳು 2021ರ ಏಪ್ರಿಲ್‌ನಲ್ಲಿ ಬಹಳ ಸರಳವಾದವು, ಅದಕ್ಕಾಗಿ ಸರ್ಕಾರವನ್ನು ಅಭಿನಂದಿಸಲೇಬೇಕು. ಮೊದಲು ಇಪ್ಪತ್ತು ವರ್ಷದೊಳಗೆ ಪಾಸ್‌ಪೋರ್ಟ್ ಬದಲಾದಾಗಲೆಲ್ಲ ಕಾರ್ಡನ್ನೂ ಹೊಸದಾಗಿ ಮಾಡಿಸಬೇಕಿತ್ತು, ಐವತ್ತು ದಾಟಿದ ಮೇಲೆ ಮತ್ತೊಮ್ಮೆ. ಈಗ ಇಪ್ಪತ್ತು ತುಂಬುವ ಮೊದಲು ನೋಂದಣಿಯಾದವರು ಇಪ್ಪತ್ತು ತುಂಬಿದ ನಂತರ ಹೊಸ ಪಾಸ್‌ಪೋರ್ಟ್ ಪಡೆದಾಗ ಒಮ್ಮೆ ಮಾಡಿಸಿದರೆ ಸಾಕು; ಆ ವಯಸ್ಸಿನ ನಂತರ ನೋಂದಣಿಯಾದವರಿಗೆ ಅದೂ ಬೇಕಿಲ್ಲ. ಉಳಿದಂತೆ ಇಪ್ಪತ್ತು ತುಂಬುವವರೆಗೆ ಪ್ರತಿ ಸಲ, ಐವತ್ತರ ನಂತರ ಒಂದು ಸಲ, ಹೊಸ ಪಾಸ್‌ಪೋರ್ಟ್ ಬಂದ ಮೂರು ತಿಂಗಳೊಳಗೆ ಅದರ ಪ್ರತಿಯನ್ನೂ ಇತ್ತೀಚಿನ ಭಾವಚಿತ್ರವನ್ನೂ ಪೋರ್ಟಲ್‌ಗೆ ಏರಿಸಬೇಕು. ಇದಕ್ಕೆ ಶುಲ್ಕವಿಲ್ಲ. ವಿದೇಶಿ ಮೂಲದ ಸಂಗಾತಿಗಳು ಮಾತ್ರ ಪ್ರತಿ ಹೊಸ ಪಾಸ್‌ಪೋರ್ಟಿನ ಜೊತೆಗೆ ದಾಂಪತ್ಯ ಮುಂದುವರಿದಿದೆ ಎಂಬ ಘೋಷಣೆಯನ್ನೂ ಸಲ್ಲಿಸಬೇಕು.