25 ವ್ಯಾಟ್ ಸಾದಾ ಸೋಲ್ಡರಿಂಗ್ ಐರನ್ನಾ, ಟೆಂಪರೇಚರ್ ಕಂಟ್ರೋಲ್ ಇರೋದಾ?

ಸೋಲ್ಡರಿಂಗ್ (ಸೋಲ್ಡರ್ ಅನ್ನೋ ಲೋಹದ ತಂತಿ ಕರಗಿಸಿ ವೈರು, ಬಿಡಿಭಾಗ ಬೆಸೆಯೋದು) ಕಲಿಯೋಕೆ ಬೆಂಗ್ಳೂರು ಎಸ್‌ಪಿ ರೋಡಲ್ಲಿ ಸುಲಭಕ್ಕೆ ಸಿಗೋದು ಸೋಲ್ಡ್ರಾನ್ ಬ್ರ್ಯಾಂಡಿನ 25 ವ್ಯಾಟ್ ಐರನ್, ಗಟ್ಟಿಮುಟ್ಟಾಗಿದೆ, ಬಿಟ್ (ಬಿಸಿಯಾಗೋ ತುದಿ) ಸವೆದ್ರೆ ಬೇರೆ ಹಾಕ್ಬೋದು, ವೈರು, ಎಲ್‌ಇಡಿ ಕಿಟ್‌ಗೆಲ್ಲಾ ಧಾರಾಳ ಸಾಕು. ಆದ್ರೆ ಬಿಸಿ ಆಗೋವರ್ಗೂ ಕಾಯ್ಬೇಕು, ಸರ್ಕ್ಯೂಟ್ ಬೋರ್ಡಿನ ಅಗಲವಾದ ಗ್ರೌಂಡ್ ಪ್ಯಾಡ್‌ಗೆ (ತಾಮ್ರದ ಜಾಗ) ಇಟ್ರೆ ಶಾಖನೆಲ್ಲಾ ತಾಮ್ರ ಎಳ್ಕೊಂಡು ಸೋಲ್ಡರ್ ಹರಿಯದೆ ಉಂಡೆ ಕಟ್ಟುತ್ತೆ. ಅಲ್ಲಿ ಗೆಲ್ಲೋದು ಟೆಂಪರೇಚರ್ ಕಂಟ್ರೋಲ್ ಇರೋ 60 ವ್ಯಾಟ್‌ದು, 60/40 ಸೋಲ್ಡರ್‌ಗೆ (60 ಭಾಗ ತವರ, 40 ಭಾಗ ಸೀಸ) 330-350 ಡಿಗ್ರಿ ಇಟ್ರೆ ಸಣ್ಣ ಜಾಯಿಂಟು ಎರಡ್ಮೂರು ಸೆಕೆಂಡಲ್ಲಿ ಹೊಳಪಾಗಿ ಕೂರುತ್ತೆ. ಬರೀ ಡಯಲ್ ಇರೋ ತೀರಾ ಅಗ್ಗದ್ದು ಮಾತ್ರ ಬೇಡ, ಅದ್ರೊಳಗೆ ಸೆನ್ಸರ್ ಇರೋದೇ ಡೌಟು. ವೈರ್ ರಿಪೇರಿಗಷ್ಟೇ ಆದ್ರೆ ಸಾದಾ ತಗೊಳಿ, ಬೋರ್ಡ್ ಕೆಲಸ ಮಾಡೋ ಆಸೆ ಇದ್ರೆ ಇನ್ನೊಂದ್ ಸ್ವಲ್ಪ ದುಡ್ಡು ಸೇರಿಸಿ ಕಂಟ್ರೋಲ್ ಇರೋದಕ್ಕೇ ಹೋಗಿ. ಯಾವ್ದಾದ್ರೂ ಸರಿ, ಸ್ಟ್ಯಾಂಡು, ಒಳ್ಳೆ ಫ್ಲಕ್ಸ್ (ಸೋಲ್ಡರ್ ಚೆನ್ನಾಗಿ ಹರಿದು ಅಂಟೋಕೆ ನೆರವಾಗೋ ಪದಾರ್ಥ) ಇರೋ ಸೋಲ್ಡರ್ ಜೊತೆಗೇ ತಗೊಂಡ್ಬಿಡಿ.