ಫ್ಲೆಕ್ಸ್‌ಸರ್ವ್: ಗಂಟುಗಳ ಜಾಗವನ್ನು ನೀವೇ ನೋಡಿಕೊಳ್ಳಿ

ಸಾವಿನಂಥ ಘಟನೆಗೆ ಎಷ್ಟು ಕಾಲ ಹಿಡಿಯಿತೆಂದು ನೋಡುವ ಸರ್ವೈವಲ್ ವಿಶ್ಲೇಷಣೆಗೆ, ಆರ್ ಎಂಬ ಸಂಖ್ಯಾಶಾಸ್ತ್ರದ ತಂತ್ರಾಂಶದಲ್ಲಿ ಉಚಿತವಾಗಿ ಸಿಗುವ ಪ್ಯಾಕೇಜುಗಳಲ್ಲಿ ಫ್ಲೆಕ್ಸ್‌ಸರ್ವ್ ನಿಜಕ್ಕೂ ಒಳ್ಳೆಯದು. ರಾಯ್‌ಸ್ಟನ್ ಮತ್ತು ಪರ್ಮಾರ್ 2002ರಲ್ಲಿ ಮಂಡಿಸಿದ ಸ್ಪ್ಲೈನ್ ಮಾದರಿಯನ್ನು ಒಂದೇ ಸಾಲಿನ ಕೋಡಿನಲ್ಲಿ ಹೊಂದಿಸಿಕೊಡುತ್ತದೆ. ಕಾಲದೊಂದಿಗೆ ಸಾವಿನ ಅಪಾಯ ಬದಲಾಗುವ ಗೆರೆಯನ್ನು ತುಂಡುತುಂಡಾಗಿ ಎಳೆದು ನಯವಾಗಿ ಬೆಸೆಯುವುದೇ ಸ್ಪ್ಲೈನ್; ತುಂಡುಗಳು ಸೇರುವ ಜಾಗವೇ ಗಂಟು. ಎರಡು ಅಂಚಿನ ಗಂಟುಗಳ ನಡುವೆ ಒಳಗಂಟು ಸೊನ್ನೆ ಇದ್ದರೆ ಅದು ಹಳೆಯ, ಸರಳವಾದ ವೈಬುಲ್ ಮಾದರಿಯೇ. ಅಲ್ಲಿಂದ ಒಂದೊಂದೇ ಗಂಟು ಸೇರಿಸುತ್ತ ಹೋಗಬಹುದು.

ಎಷ್ಟು ಗಂಟು ಎಂದಷ್ಟೇ ಹೇಳಿದರೆ ಜಾಗವನ್ನು ಅದೇ ಆರಿಸುತ್ತದೆ. ಸೆನ್ಸಾರ್ ಆದವರನ್ನು, ಅಂದರೆ ಸಾವು ದಾಖಲಾಗುವ ಮೊದಲೇ ಫಾಲೋಅಪ್ ನಿಂತವರನ್ನು ಬಿಟ್ಟು, ಸಾವಿನ ಕಾಲಗಳನ್ನಷ್ಟೇ ಸಮಪಾಲು ಮಾಡುತ್ತದೆ. ಎರಡು ಒಳಗಂಟಾದರೆ 33 ಮತ್ತು 67ನೇ ಪರ್ಸೆಂಟೈಲ್. ಅಂಚಿನ ಗಂಟುಗಳು ಮೊದಲ ಮತ್ತು ಕೊನೆಯ ಸಾವಿನಲ್ಲಿ.

ಬಹುಪಾಲು ದತ್ತಾಂಶಕ್ಕೆ ಇದು ಸಾಕು. ಬೆಂಗಳೂರಿನ ಆಸ್ಪತ್ರೆಗಳ ಕ್ಯಾನ್ಸರ್ ದಾಖಲೆಗಳ ಮೇಲೆ ಕೆಲಸ ಮಾಡುವವರು ಮಾತ್ರ ಎಚ್ಚರದಿಂದಿರಬೇಕು. ದೂರದ ಜಿಲ್ಲೆಯಿಂದ ಬಂದವರು ಊರಿಗೆ ಮರಳಿ ಫಾಲೋಅಪ್ ತಪ್ಪಿದರೆ, ದಾಖಲಾದ ಸಾವುಗಳಲ್ಲಿ ಹೆಚ್ಚಿನವು ಮೊದಲ ವರ್ಷದಲ್ಲೇ ಗುಂಪುಗೂಡುತ್ತವೆ. 90 ಸಾವುಗಳಲ್ಲಿ 60 ಮೊದಲ 11 ತಿಂಗಳಲ್ಲೇ ಇವೆ ಎಂದುಕೊಳ್ಳಿ: ಎರಡನೇ ಗಂಟು 11ನೇ ತಿಂಗಳಲ್ಲಿ ಬೀಳುತ್ತದೆ, ಅಲ್ಲಿಂದ ಕೊನೆಯ ಸಾವಿನವರೆಗೆ, ಅಂದರೆ 54ನೇ ತಿಂಗಳವರೆಗೆ, ಒಂದೇ ತುಂಡು. ಐದು ವರ್ಷದ ಉಳಿವು ಬೇಕಾದವರಿಗೆ ಇದು ಸಾಲದು. ಗಂಟುಗಳನ್ನು 4, 12, 30 ತಿಂಗಳಿಗೆ ಕೈಯಾರೆ ಹಾಕಿ; ಪ್ರತಿ ತುಂಡಿನಲ್ಲೂ ಹತ್ತು ಸಾವಾದರೂ ಇರಲಿ. 54ರಾಚೆಗೆ ಗೆರೆ ಲಾಗ್ ಕಾಲದಲ್ಲಿ ನೇರವಾಗಿ ಸಾಗುತ್ತದೆ, ಆ ಭಾಗ ಊಹೆಯೇ.

ಹೆಚ್ಚಿನವರು ಎಡವುವುದು ಇಲ್ಲಿ: ಕೈಯಾರೆ ಕೊಡುವ ಗಂಟುಗಳು ಸಹಜ ಲಾಗ್ (ln) ಅಳತೆಯಲ್ಲಿರಬೇಕು. 4, 12, 30ರ ಬದಲು 1.386, 2.485, 3.401. ಹಾಗೇ 12 ಎಂದು ಬರೆದರೆ ಅದು 1.6 ಲಕ್ಷ ತಿಂಗಳಾಯಿತು!

ದಾಖಲಾದ ದಿನವೇ ತೀರಿಕೊಂಡವರ ಕಾಲ ಸೊನ್ನೆ. ಸೊನ್ನೆಗೆ ಲಾಗ್ ಇಲ್ಲ. ಅರ್ಧ ದಿನ ಎಂದು ತಿದ್ದುವುದು ವಾಡಿಕೆ. ಆದರೆ ಆಗ ಎಡ ಅಂಚಿನ ಗಂಟು 0.016 ತಿಂಗಳಿಗೆ ಸರಿದು, ಒಂದೇ ಒಂದು ಸಾವು ಇಡೀ ಗೆರೆಯ ಎಡತುದಿಯನ್ನು ಎಳೆಯುತ್ತದೆ. ಎಡ ಅಂಚನ್ನು ಒಂದು ವಾರದ ಹತ್ತಿರ ನೀವೇ ನಿಲ್ಲಿಸಿ.

ಒಳಗಂಟುಗಳ ಸಂಖ್ಯೆ ಆರಿಸಲು ಸೊನ್ನೆಯಿಂದ ನಾಲ್ಕರವರೆಗೆ ಓಡಿಸಿ ಎಐಸಿ (ಮಾದರಿಗಳನ್ನು ಹೋಲಿಸುವ ಅಂಕ, ಕಡಿಮೆಯಿದ್ದಷ್ಟು ಒಳ್ಳೆಯದು) ನೋಡಿ. ವ್ಯತ್ಯಾಸ 2ಕ್ಕಿಂತ ಕಡಿಮೆಯಾದರೆ ಕಡಿಮೆ ಗಂಟಿನದೇ ಇರಲಿ. ಮೂಲ ಅಪಾಯದ ಗೆರೆಯ ಆಕಾರವನ್ನೇ ಹೇಳದ ಕಾಕ್ಸ್ ಮಾದರಿಯ ಎಐಸಿ ಜೊತೆ ಹೋಲಿಸಬೇಡಿ, ಎಐಸಿಗೆ ಆಧಾರವಾದ ಅದರ ಲೈಕ್ಲಿಹುಡ್ಡೇ ಬೇರೆ. ಆಮೇಲೆ ಗಂಟನ್ನು ಒಂದೆರಡು ತಿಂಗಳು ಆಚೀಚೆ ಸರಿಸಿ. ಗೆರೆ ಹೊಯ್ದಾಡಿದರೆ ಸಾವಿನ ಸಂಖ್ಯೆಗೆ ಗಂಟು ಹೆಚ್ಚಾಗಿದೆ. ಸ್ಟ್ಯಾಂಡರ್ಡ್ ಎರರ್ ಬಾರದೆ ಹೋಗುವುದಕ್ಕೂ ಹಲವು ಸಲ ಇದೇ ಕಾರಣ.

ರೋಗಿಯ ವಯಸ್ಸನ್ನೂ ಸ್ಪ್ಲೈನ್ ಆಗಿ ಹಾಕಿದರೆ, ಆ ಗಂಟುಗಳ ಲೆಕ್ಕವೇ ಬೇರೆ, ಕಾಲದ ಗಂಟಿನೊಂದಿಗೆ ಬೆರೆಸಬೇಡಿ. ಅಲ್ಲಿ ಆರ್‌ಎಂಎಸ್ ಪ್ಯಾಕೇಜಿನ ನಾಲ್ಕು ಗಂಟಿನ ಪದ್ಧತಿ, ಅಂದರೆ 5, 35, 65, 95ನೇ ಪರ್ಸೆಂಟೈಲ್, ಚೆನ್ನಾಗಿದೆ. ಆದರೆ ನಮ್ಮ ಕೇಸ್ ಶೀಟುಗಳಲ್ಲಿ ವಯಸ್ಸು 50, 55, 60 ಎಂದು ದುಂಡಾಗಿರುತ್ತದೆ. ಎರಡು ಗಂಟು ಒಂದೇ ವಯಸ್ಸಿನ ಮೇಲೆ ಬೀಳಬಹುದು. 35, 48, 58, 70 ಎಂದು ಬರೆದುಕೊಡಿ.

ಕೊರತೆಯೂ ಒಂದಿದೆ: ಒಂದೇ ಆಸ್ಪತ್ರೆಯ ರೋಗಿಗಳ ನಡುವಿನ ಹೋಲಿಕೆಗೆ ಫ್ರೇಲ್ಟಿ, ಅಂದರೆ ಅವರೆಲ್ಲ ಹಂಚಿಕೊಳ್ಳುವ ಕಾಣದ ಅಪಾಯದ ಅಂಶ, ಸೇರಿಸಲು ಇಲ್ಲಿ ಆಗದು. ಅದು ಬೇಕಾದರೆ ಆರ್‌ಎಸ್‌ಟಿಪಿಎಂ2 ಎಂಬ ಇನ್ನೊಂದು ಪ್ಯಾಕೇಜು ಹಾಕಿಕೊಳ್ಳಿ; ಅಲ್ಲೂ ಮಾದರಿ ಇದೇ.